1971ರ ಚಾಚ್ರೋ ದಾಳಿಯ ಕರ್ನಲ್ ಭವಾನಿ ಸಿಂಗ್: ಹೆಸರು ಬಂದಿದ್ದು ಗಾದಿಯಿಂದನೋ, ಗುಂಡಿಗೆಯಿಂದನೋ?

ಉಣಕಲ್ ಅಕ್ಕ
ಎಲ್ಲಾರಿಗೂ ನಮಸ್ಕಾರ್ರಿ. ನನ್ನ ಮಗಳು ಹುಬ್ಬಳ್ಳ್ಯಾಗ ಪಿಯುಸಿ ಓದಾಕತ್ತಾಳ, ಎನ್‌ಸಿಸಿದಾಗೂ ಅದಾಳ. ಡಿಸೆಂಬರ್ 16ರ ವಿಜಯ ದಿವಸಕ್ಕ 1971ರ ಯುದ್ಧದ ಒಬ್ಬ ಅಧಿಕಾರಿ ಬಗ್ಗೆ ಕಾಲೇಜಿನಾಗ ಮಾತಾಡಬೇಕು. ಅಕಿ ಆರಿಸಿಕೊಂಡಿದ್ದು 10 ಪ್ಯಾರಾ ಕಮಾಂಡೋ ಪಡೆಯ ಲೆಫ್ಟಿನೆಂಟ್ ಕರ್ನಲ್ ಭವಾನಿ ಸಿಂಗ್ ಅವರನ್ನ. ಜೈಪುರದ ಮಹಾರಾಜ, ಪಾಕಿಸ್ತಾನದ ಸಿಂಧ್ ಒಳಗ 80 ಕಿ.ಮೀ. ನುಗ್ಗಿ ಚಾಚ್ರೋ ಅನ್ನೂ ಊರು ಹಿಡದವರು, ಯುದ್ಧದ ಶೌರ್ಯಕ್ಕ ಕೊಡೂ ಮಹಾವೀರ ಚಕ್ರ ಪಡದವರು.

ಇದರ ಮ್ಯಾಲ ಮನ್ಯಾಗ ವಾದ ಹತ್ತೈತಿ. ನಮ್ಮ ಮೈದುನ ಅಂತಾನ, "ರಾಜಾ ಅಂತ ಹೆಸರು ಬಂತು, ಸಾದಾ ಮನಿ ಹುಡುಗ ಆಗಿದ್ರ ಯಾರೂ ಕೇಳ್ತಿರಲಿಲ್ಲ." ಮಗಳು ಇದನ್ನ ಒಪ್ಪಾಕ ತಯಾರಿಲ್ಲ, ಆದ್ರ ಎದುರು ಮಾತಾಡಾಕ ಅಕಿ ಹತ್ರ ಸರಿಯಾದ ವಿಷಯ ಇಲ್ಲ. ಇಲ್ಲಿ ಮಿಲ್ಟ್ರ್ಯಾಗ ಇದ್ದವರು, ಓದಿದವರು ಭಾಳ ಮಂದಿ ಅದೀರಿ. ಖರೇ ಏನೈತಿ ಹೇಳ್ರಿ.

ಕೇಶ್ವಾಪುರ ಹುಡುಗ
ನಿಮ್ಮ ಮೈದುನ ಹೇಳೂದ್ರಾಗ ತಪ್ಪೇನೈತ್ರಿ ಅಕ್ಕಾರ? ಅದೇ ದಾಳ್ಯಾಗ ಜೀಪ್ ಓಡಿಸಿದವರು, ಮಷೀನ್ ಗನ್ ಹಿಡದವರು ಎಷ್ಟೋ ಮಂದಿ ಇದ್ರು. ಅವರೊಳಗ ಒಬ್ಬರ ಹೆಸರರ ಹೇಳ್ರಿ ನೋಡೋಣು. ಮಹಾರಾಜ ಅನ್ನೂ ಬಿರುದಿದ್ರ ಪೇಪರಿನವ್ರು ತಾವಾಗೇ ಬರ್ತಾರ.

ಗದಗಿನ ಮಾಸ್ತರ್
ಕೇಶ್ವಾಪುರದ ತಮ್ಮಾ, ಇಸವಿ ಹಿಡಿದು ನೋಡಿದರೆ ನಿನ್ನ ಮಾತು ನಿಲ್ಲುವುದಿಲ್ಲ.

ಭವಾನಿ ಸಿಂಗ್ ಹುಟ್ಟಿದ್ದು 1931ರ ಅಕ್ಟೋಬರ್‌ನಲ್ಲಿ. ಅವರ ತಂದೆ ಎರಡನೇ ಮಾನ್ ಸಿಂಗ್ ಜೈಪುರದ ಗಾದಿಗೆ ದತ್ತು ಬಂದವರು. ಅವರಿಗಿಂತ ಮೊದಲಿನ ಮಾಧೋ ಸಿಂಗ್ ಕೂಡ ದತ್ತು. ಹಾಗಾಗಿ ಅರಮನೆಯಲ್ಲೇ ಗಂಡು ಕೂಸು ಹುಟ್ಟಿತೆಂದು ಷಾಂಪೇನ್ ಹೊಳೆಯೇ ಹರಿಯಿತಂತೆ, ಕೂಸಿಗೆ 'ಬಬಲ್ಸ್' ಎಂಬ ಅಡ್ಡಹೆಸರು ಅಂಟಿಕೊಂಡದ್ದೂ ಅದರಿಂದಲೇ. ಅಂಥ ಮನೆಯ ಹುಡುಗ 1951ರಲ್ಲಿ ಥರ್ಡ್ ಕ್ಯಾವಲ್ರಿಯಲ್ಲಿ ಸೆಕೆಂಡ್ ಲೆಫ್ಟಿನೆಂಟ್ ಆಗಿ ಸೇರಿದರು. ಆಮೇಲೆ ವರ್ಷಗಟ್ಟಲೆ ರಾಷ್ಟ್ರಪತಿಗಳ ಅಂಗರಕ್ಷಕ ದಳ. ಕುದುರೆ ಮೇಲೆ ಕೂತು ಮೆರವಣಿಗೆಯಲ್ಲಿ ಕಾಣುವ ಆ ದಳದವರು ಪ್ಯಾರಾಶೂಟಿನಿಂದ ಜಿಗಿಯುವ ತರಬೇತಿಯನ್ನೂ ಪಡೆದಿರುತ್ತಾರೆ, ಇದು ಬಹಳ ಜನಕ್ಕೆ ಗೊತ್ತಿಲ್ಲ. ಅಲ್ಲಿಂದ 50 ಪ್ಯಾರಾ ಬ್ರಿಗೇಡ್, ಕೊನೆಗೆ 10 ಪ್ಯಾರಾ ಕಮಾಂಡೋ. ಚಾಚ್ರೋಗೆ ಹೋಗುವ ಹೊತ್ತಿಗೆ ಇಪ್ಪತ್ತು ವರ್ಷದ ಸೇವೆ ಆಗಿತ್ತು.

ಈಗ ಮುಖ್ಯ ಮಾತಿಗೆ ಬರುತ್ತೇನೆ. ತಂದೆ ತೀರಿಕೊಂಡದ್ದು 1970ರ ಜೂನ್‌ನಲ್ಲಿ, ಇಂಗ್ಲೆಂಡಿನಲ್ಲಿ ಪೋಲೋ ಆಡುವಾಗ. ಅಲ್ಲಿಂದ ಇವರೇ ಮಹಾರಾಜ. ರಾಜೀನಾಮೆ ಬರೆದುಕೊಟ್ಟು ಅರಮನೆ ಸೇರಿದ್ದರೆ ಯಾರೂ ಬೆರಳು ತೋರಿಸುತ್ತಿರಲಿಲ್ಲ. ಸೇರಲಿಲ್ಲ. ಒಂದೂವರೆ ವರ್ಷದ ಮೇಲೆ ಥಾರ್ ಮರುಭೂಮಿಯಲ್ಲಿ ಜೀಪಿನ ಮೇಲಿದ್ದರು. ಸಂವಿಧಾನದ 26ನೇ ತಿದ್ದುಪಡಿ ಜಾರಿಗೆ ಬಂದು ರಾಜರ ಮಾನ್ಯತೆ, ಸರ್ಕಾರ ಅವರಿಗೆ ಕೊಡುತ್ತಿದ್ದ ರಾಜಧನ ಎರಡೂ ಹೋದದ್ದು 1971ರ ಡಿಸೆಂಬರ್ 28ಕ್ಕೆ. ಅಂದರೆ ಶತ್ರುವಿನ ಠಾಣೆ ಗೆದ್ದ ತಿಂಗಳಲ್ಲೇ ಅವರ ಗಾದಿಗೆ ಕಾನೂನಿನ ಬೆಲೆ ಇಲ್ಲದಾಯಿತು. ಗಾದಿಯಿಂದ ಹೆಸರು ಬಂತು ಅನ್ನುವವರು ಇದನ್ನು ಹೇಗೆ ಹೊಂದಿಸುತ್ತಾರೆ?

ನವಲೂರ ಪೇರಲ
ಹೊಂದಿಸೂದು ಸರಳ ಐತ್ರಿ ಮಾಸ್ತರ್ರ. ಕಾನೂನಿನಾಗ ಬಿರುದು ಹೋತು, ಮಂದಿ ಬಾಯಾಗಿಂದು ಹೋತೇನು? ಇವತ್ತಿಗೂ ನಾವೆಲ್ಲಾ 'ಮಹಾರಾಜ'ರ ದಾಳಿ ಅಂತನೇ ಮಾತಾಡಾಕತ್ತೀವಿ ನೋಡ್ರಿ. ಧೈರ್ಯ ಇರಲಿಲ್ಲ ಅಂತ ನಾ ಅನ್ನಾಂಗಿಲ್ಲ. ಹೆಸರು ಯಾರಿಗೆ ಉಳೀತೈತಿ ಅನ್ನೂದು ಬ್ಯಾರೆ ಪ್ರಶ್ನೆ.

ಮಾಜಿ ಸುಬೇದಾರ, ಕುಂದಗೋಳ
ನಾ ಮರಾಠಾ ಲೈಟ್ ಇನ್‌ಫೆಂಟ್ರಿಯವ, ಬೆಳಗಾವಿ ಸೆಂಟರಿನಾಗ ತಯಾರಾದವ. ಕಮಾಂಡೋ ಅಲ್ಲ. ಆದ್ರ ಪಲ್ಟನ್ ಅಂದ್ರೇನು ಅನ್ನೂದು ಗೊತ್ತೈತಿ, ಅದಕ್ಕ ಬರೀತೀನಿ.

ಮೊದಲ, "ಸಾದಾ ಮನಿ ಹುಡುಗನ್ನ ಯಾರೂ ಕೇಳಾಂಗಿಲ್ಲ" ಅನ್ನೂ ಮಾತು ನಮ್ಮ ತಾಲೂಕಿನವರು ಯಾರೂ ಆಡಬಾರದು. ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಯಾವ ಅರಮನ್ಯಾಗ ಹುಟ್ಟಿದ್ರು? 2016ರ ಫೆಬ್ರುವರಿ 3ಕ್ಕ ಸಿಯಾಚಿನ್‌ನಾಗ 19,600 ಅಡಿ ಎತ್ತರದಾಗ ಹಿಮ ಕುಸೀತು. ಆರು ದಿನ ಹಿಮದ ಬುಡಕ ಇದ್ದು ಜೀವಂತ ಸಿಕ್ರು. 11ಕ್ಕ ತೀರಿಕೊಂಡ್ರು. ಆ ಒಂದು ವಾರ ಇಡೀ ದೇಶ ಅವರ ಹೆಸರು ಹಿಡದು ದೇವರಿಗೆ ಕೈ ಮುಗೀತು. ಹಳ್ಳಿ ಹುಡುಗನ ಹೆಸರೂ ಉಳೀತೈತಿ.

ಇನ್ನ ಭವಾನಿ ಸಿಂಗ್ ಸಾಹೇಬರ ಮಾತು. ಒಂದು ಪಲ್ಟನ್ನಿನ ಕಮಾಂಡಿಂಗ್ ಆಫೀಸರ್ (ಸಿಓ) ಸಾಮಾನ್ಯವಾಗಿ ಎಲ್ಲಿರ್ತಾರ? ತಮ್ಮ ಹೆಡ್‌ಕ್ವಾರ್ಟರಿನಾಗ, ವೈರ್‌ಲೆಸ್ ಹತ್ರ. ಮುಂದ ಹೋಗೂದು ಕಂಪನಿ ಕಮಾಂಡರ್‌ಗಳು. ಚಾಚ್ರೋದಾಗ ಸಿಓ ಸಾಹೇಬರೇ ತಮ್ಮ ಹುಡುಗರ ಜೋಡಿ ಗಡಿ ದಾಟಿದ್ರು. ಮಹಾವೀರ ಚಕ್ರದ ಪ್ರಶಸ್ತಿ ಪತ್ರದಾಗೂ ಅದೇ ಐತಿ: ನಾಕು ಹಗಲು, ನಾಕು ರಾತ್ರಿ, ತಮ್ಮ ಜೀವದ ಹಂಗಿಲ್ಲದ ತಾವೇ ಮುಂದ ನಿಂತು ಪಡಿ ನಡೆಸಿದ್ರು ಅಂತ. ಬಂದೂಕಿನ ಗುಂಡಿಗೆ ನೀ ಮಹಾರಾಜನೋ ಒಕ್ಕಲಿಗನೋ ಅಂತ ಗೊತ್ತಾಗಾಂಗಿಲ್ಲ ತಮ್ಮಾ.

ಕೇಶ್ವಾಪುರ ಹುಡುಗ
ಸುಬೇದಾರ್ ಕಾಕಾ, ಹನುಮಂತಪ್ಪ ಅವರ ಮಾತಿಗೆ ನನ್ನ ಎದುರು ಮಾತಿಲ್ಲ. ಆದ್ರ ಆ ಕಮಾಂಡೋ ಪಡಿ ಕಟ್ಟಿದವರು ಯಾರು ಅನ್ನೂದನ್ನೂ ಹೇಳ್ರಿ. ಅವರ ಹೆಸರು ಯಾಕ ಯಾರಿಗೂ ಗೊತ್ತಿಲ್ಲ?

ಮಾಜಿ ಸುಬೇದಾರ, ಕುಂದಗೋಳ
ಇದು ಕೇಳಬೇಕಾದ ಪ್ರಶ್ನೆ. ಅವರ ಹೆಸರು ಮೇಘ ಸಿಂಗ್. 1965ರಾಗ ಮೇಜರ್ ಇದ್ರು. ಪಶ್ಚಿಮ ಕಮಾಂಡಿನ ಲೆಫ್ಟಿನೆಂಟ್ ಜನರಲ್ ಹರಬಕ್ಷ್ ಸಿಂಗ್ ಅವರ ಮುಂದ ನಿಂತು, "ನನಗ ನಾಕು ಮಂದಿ ಗಟ್ಟಿ ಹುಡುಗರನ್ನ ಕೊಡ್ರಿ, ಶತ್ರುವಿನ ಬೆನ್ನ ಹಿಂದ ಹೋಗಿ ಬರ್ತೀನಿ" ಅನ್ನೂ ಅರ್ಥದಾಗ ಕೇಳಿಕೊಂಡ್ರು. ಬ್ಯಾರೆ ಬ್ಯಾರೆ ಪಲ್ಟನ್ನಿನಿಂದ ತಾವಾಗೇ ಮುಂದ ಬಂದವರನ್ನ ಆರಿಸಿ ಒಂದು ಸಣ್ಣ ಪಡಿ ಕಟ್ಟಿದ್ರು. ಅವರ ಹೆಸರಿನ ಮ್ಯಾಲೇ ಅದಕ್ಕ ಮೇಘದೂತ ಪಡಿ ಅಂದ್ರು. ಗಡಿ ದಾಟಿ ಹೊಡದ ದಾಳಿಗೆ ಅವರಿಗೆ ವೀರ ಚಕ್ರ ಬಂತು. ಆ ಕೆಲಸ ನೋಡಿನೇ 1966ರಾಗ ಗ್ವಾಲಿಯರಿನಾಗ 9 ಪ್ಯಾರಾ ಕಮಾಂಡೋ ಎದ್ದು ನಿಂತಿದ್ದು. ಮರುವರ್ಷ ಅದನ್ನ ಒಡೆದು 10 ಪ್ಯಾರಾ ಮಾಡಿದ್ರು. 9 ಗುಡ್ಡಗಾಡಿಗೆ, 10 ಮರುಭೂಮಿಗೆ.

ಹುಡುಗಿ ಭಾಷಣ ಮೇಘ ಸಿಂಗ್ ಅವರಿಂದ ಶುರು ಆದ್ರ ಭಾಳ ಚಲೋ. ತಳಪಾಯ ಹಾಕಿದವರನ್ನ ಬಿಟ್ಟು ಮಾಳಿಗಿ ಹೊಗಳಬಾರದು.

ಹಳೇ ಹುಬ್ಬಳ್ಳಿ ಬಾಬು
ಟಾಂಗೈಲ್‌ನಾಗ ವಿಮಾನದಿಂದ ಜಿಗಿದವರೂ ಇವರ ಕಮಾಂಡೋಗಳೇ ಅಲ್ಲೇನ್ರಿ?

ಗದಗಿನ ಮಾಸ್ತರ್
ಅಲ್ಲ. ಟಾಂಗೈಲ್ ಪೂರ್ವದಲ್ಲಿದೆ, ಈಗಿನ ಬಾಂಗ್ಲಾದೇಶ. 1971ರ ಡಿಸೆಂಬರ್ 11ಕ್ಕೆ ಅಲ್ಲಿ ಇಳಿದದ್ದು 2 ಪ್ಯಾರಾ, ಲೆಫ್ಟಿನೆಂಟ್ ಕರ್ನಲ್ ಕುಲವಂತ್ ಸಿಂಗ್ ಪನ್ನು ಅವರ ಮುಂದಾಳತ್ವದಲ್ಲಿ. ಪೂಂಗ್ಲಿ ಸೇತುವೆ ಹಿಡಿದು, ಉತ್ತರದಿಂದ ಢಾಕಾ ಕಡೆ ಓಡುತ್ತಿದ್ದ ಪಾಕ್ ಬ್ರಿಗೇಡಿನ ದಾರಿ ಕಟ್ಟುವುದು ಅವರ ಕೆಲಸ. ಅದು ಪ್ಯಾರಾಶೂಟ್ ಪಲ್ಟನ್, ಕಮಾಂಡೋ ಪಲ್ಟನ್ ಅಲ್ಲ. ಇಳಿದವರು ಒಂದು ಪಲ್ಟನ್ ಮಂದಿ, ವಿದೇಶಿ ಪತ್ರಿಕೆಗಳು ಬರೆದದ್ದು ಇಡೀ ಬ್ರಿಗೇಡೇ ಇಳಿದಿದೆ ಎಂದು. ನಮ್ಮವರು ಪತ್ರಿಕೆಗೆ ಕೊಟ್ಟ ಫೋಟೋ ಹಳೆಯ ತಾಲೀಮಿನದು, ಆಕಾಶದ ತುಂಬಾ ಛತ್ರಿ. ಆ ಸುದ್ದಿಯೇ ಢಾಕಾದಲ್ಲಿದ್ದವರ ಎದೆ ಅರ್ಧ ಒಡೆಯಿತು.

ಮಾಜಿ ಸುಬೇದಾರ, ಕುಂದಗೋಳ
ಮಾಸ್ತರ್ ಹೇಳಿದ್ದಕ್ಕ ಒಂದು ಸೇರಸ್ತೀನಿ. ಆ 2 ಪ್ಯಾರಾ 1952ರ ತನಕ ನಮ್ಮ ಮರಾಠಾ ಲೈಟ್ ಇನ್‌ಫೆಂಟ್ರಿಯ ಮೂರನೇ ಪಲ್ಟನ್ ಆಗಿತ್ತು. ಡಿಸೆಂಬರ್ 16ಕ್ಕ ಢಾಕಾ ಒಳಗ ಮೊದಲ ಹೊಕ್ಕ ಪಲ್ಟನ್ನೂ ಅದೇ. ನಮ್ಮ 21 ಮರಾಠಾನ ಮುಂದ 21 ಪ್ಯಾರಾ ವಿಶೇಷ ಪಡಿ ಆತು. ಬೆಳಗಾವಿ, ಧಾರವಾಡ ಕಡೆಯವರಿಗೆ ಈ ಇತಿಹಾಸ ದೂರದ್ದಲ್ಲ.

ಸಪ್ತಾಪುರ ಪಿ.ಜಿ.
ಬೆಳಗಾವ್ಯಾಗ ಕಮಾಂಡೋ ಸ್ಕೂಲೂ ಐತಲ್ರಿ. ನನ್ನ ಸೋದರಮಾವನ ಮಗ ಮಾಡಿ ಬಂದಾನ. 40 ಕಿ.ಮೀ. ಓಟ, ಬೆನ್ನ ಮ್ಯಾಲ ಭಾರ, ಕೈಯಾಗ ರೈಫಲ್. ಹಂಗಂದ್ರ ಅವನೂ ವಿಶೇಷ ಪಡಿಯವನೇ ಆದ.

ಮಾಜಿ ಸುಬೇದಾರ, ಕುಂದಗೋಳ
ಇಲ್ಲವ್ವ, ಅದು ಕೋರ್ಸ್. ಮುಗಿಸಿದವರು ಕಠಾರಿ ಬಿಲ್ಲೆ ಹಾಕ್ಕೊಂಡು ತಮ್ಮ ತಮ್ಮ ಪಲ್ಟನ್ನಿಗೆ ವಾಪಸ್ ಹೋಗ್ತಾರ. ವಿಶೇಷ ಪಡಿಯವರು ಹಾಕೂದು ಬಲಿದಾನ ಬಿಲ್ಲೆ, ಅದು ಬ್ಯಾರೆ. ಅದಕ್ಕ ಆ ಪಲ್ಟನ್ನಿನಾಗೇ ಪ್ರೊಬೇಶನ್ ದಾಟಬೇಕು. ನಿದ್ದಿ ಕೊಡಾಂಗಿಲ್ಲ, ಸಣ್ಣ ತಪ್ಪಿಗೂ ವಾಪಸ್ ಕಳಸ್ತಾರ, ಬಂದವರೊಳಗ ಬಹುಪಾಲು ಮಂದಿ ಉಳಿಯಾಂಗಿಲ್ಲ. ನಿನ್ನ ಅಣ್ಣ ಮಾಡಿದ್ದೂ ಸಣ್ಣ ಕೆಲಸ ಅಲ್ಲ, ಅವನಿಗೆ ನನ್ನ ಶಾಬಾಸ್ ಹೇಳು.

ರಾಣೇಬೆನ್ನೂರ ಡ್ರೈವರ್
ಇಷ್ಟೊತ್ತು ಓದಾಕತ್ತಿದ್ದೆ. ಎಲ್ಲಾರೂ ಚಕ್ರ, ಬಿರುದು, ಬಿಲ್ಲೆ ಅಂತ ಮಾತಾಡಾಕತ್ತೀರಿ. ಆ 80 ಕಿ.ಮೀ. ಹೆಂಗ ಹೋದ್ರು ಅನ್ನೂದನ್ನ ಯಾರೂ ಹೇಳಲಿಲ್ಲ. ನಾ ಮಿಲ್ಟ್ರಿ ಡ್ರೈವರ್ ಆಗಿ ಬಾಡಮೇರ್ ಕಡೆ ಇದ್ದವ. ಯುದ್ಧದ ಕಾಲಕ್ಕಲ್ಲ, ಭಾಳ ಆಮೇಲೆ, ತಾಲೀಮಿನಾಗ. ಅದೇ ಉಸುಕಿನಾಗ ರಾತ್ರಿ ಗಾಡಿ ಹೊಡದೀನಿ, ಅದಕ್ಕ ಹೇಳ್ತೀನಿ.

ಅಲ್ಲಿ ರಸ್ತಾ ಇಲ್ಲ. ಉಸುಕಿನ ದಿಬ್ಬ, ಅದರ ಹಿಂದ ಇನ್ನೊಂದು ದಿಬ್ಬ. ಟೈರಿನ ಗಾಳಿ ಇಳಿಸಬೇಕು, ಇಲ್ಲಂದ್ರ ಗಾಲಿ ತಿರಗತೈತಿ, ಗಾಡಿ ಮುಂದ ಹೋಗಾಂಗಿಲ್ಲ, ನಿಂತಲ್ಲೇ ಹೂಳತೈತಿ. ಹೂತ ಗಾಡಿ ಎತ್ತಾಕ ಗಾಲಿ ಬುಡಕ ತಗಡು ತುರುಕಿ ನಾಕೈದು ಮಂದಿ ಹೆಗಲು ಕೊಡಬೇಕು, ಅದೂ ಬಾಯಿ ಮುಚಗೊಂಡು. ಲೈಟ್ ಹಚ್ಚಾಂಗಿಲ್ಲ. ದಿಬ್ಬದ ನೆತ್ತಿ ಮ್ಯಾಲ ಗಾಡಿ ನಿಲ್ಲಸಾಂಗಿಲ್ಲ, ಚುಕ್ಕಿ ಬೆಳಕಿನಾಗೂ ದೂರದಿಂದ ಕಾಣಸ್ತೈತಿ. ಇಂಜಿನ್ ಸದ್ದು ಆ ಬಯಲಿನಾಗ ಎಷ್ಟು ದೂರ ಹೋಗತೈತಿ ಅಂದ್ರ, ಇನ್ನೊಂದು ಗಾಡಿ ಎಲ್ಲೈತಿ ಅನ್ನೂದನ್ನ ನಾವು ಕಿವಿಯಿಂದನೇ ಹೇಳ್ತಿದ್ವಿ.

ದಿಕ್ಕು ಹಿಡಿಯೂದು ಇನ್ನೂ ಕಷ್ಟ. ದಿಕ್ಸೂಚಿ ಗಾಡ್ಯಾಗ ಕುಂತು ನೋಡಿದ್ರ ಸುಳ್ಳು ಹೇಳತೈತಿ, ಗಾಡಿ ಕಬ್ಬಿಣ ಮುಳ್ಳನ್ನ ಎಳೀತೈತಿ. ಪ್ರತಿ ಸಲ ಇಳದು, ಗಾಡಿಯಿಂದ ದೂರ ನಡದು ಹೋಗಿ ಮುಳ್ಳು ನೋಡಿ, ಒಂದು ಚುಕ್ಕಿ ಗುರ್ತು ಹಿಡದು, ವಾಪಸ್ ಬಂದು ಹತ್ತಬೇಕು. ಎಷ್ಟು ದೂರ ಬಂದ್ವಿ ಅನ್ನಾಕ ಮೀಟರಿನ ಕಿಲೋಮೀಟರ್ ನಂಬಬೇಕು. ಉಸುಕಿನಾಗ ಗಾಲಿ ಜಾರಿದ್ದೂ ಮೀಟರಿನಾಗ ಸೇರತೈತಿ, ಅದನ್ನ ಅಂದಾಜಿನಾಗ ಕಳೀಬೇಕು. 1971ರಾಗ ಉಪಗ್ರಹ ನೋಡಿ ದಾರಿ ಹೇಳೂ ಯಂತ್ರ ಎಲ್ಲಿತ್ತು? ಜೀಪು, ಜೋಂಗಾ ಅನ್ನೂ ಮಿಲ್ಟ್ರಿ ಗಾಡಿ, ಅದರ ಮ್ಯಾಲ ಮಷೀನ್ ಗನ್, ಬೇಕಾದಷ್ಟು ಪೆಟ್ರೋಲು, ನೀರು. ನೀರು ಖಾಲಿ ಆದ್ರ ದಾರ್ಯಾಗ ಬಾವಿ ಹುಡಕ್ಕೊಂಡು ಕುಂಡ್ರಾಕ ಆಗಾಂಗಿಲ್ಲ.

ಆ ಪಡಿ ಯುದ್ಧಕ್ಕ ಮೊದಲ ತಿಂಗಳುಗಟ್ಟಲೆ ಅದೇ ಮರುಭೂಮ್ಯಾಗ ತಾಲೀಮ್ ಮಾಡಿತ್ತು. ಸಿಓ ಸಾಹೇಬ್ರು ಮಾಡಿಸಿದ್ದು. ಚಾಚ್ರೋ ಗೆದ್ದಿದ್ದು ಅಲ್ಲೇ, ಗಡಿ ದಾಟೂಕಿಂತ ಮೊದಲ. ರಾಜಾ ಅನ್ನೂ ಬಿರುದು ಹೂತ ಜೀಪನ್ನ ಉಸುಕಿನಿಂದ ಎತ್ತಾಂಗಿಲ್ರಿ.

ನವಲೂರ ಪೇರಲ
ಕಾಕಾ, ಇಂಥಾದ್ದು ಬರೀರಿ ಇನ್ನೂ. ದಿಕ್ಸೂಚಿ ಮಾತು ನನಗ ಗೊತ್ತೇ ಇರಲಿಲ್ಲ. ಮುಂದ ಏನಾತು?

ಗದಗಿನ ಮಾಸ್ತರ್
ಮುಂದಿನದನ್ನು ನಾನು ಹೇಳುತ್ತೇನೆ. ಪಡೆ ಎರಡು ತಂಡವಾಗಿತ್ತು, ಆಲ್ಫಾ ಮತ್ತು ಚಾರ್ಲಿ. ಚಾಚ್ರೋದಲ್ಲಿ ಗಡಿ ಕಾಯುವ ಪಾಕಿಸ್ತಾನಿ ರೇಂಜರ್‌ಗಳ ಮುಖ್ಯ ಠಾಣೆ ಇತ್ತು. ಅದನ್ನು ಹಿಡಿದ ಮೇಲೆ ಹಿಂದೆ ಬರುತ್ತಿದ್ದ ಕಾಲಾಳು ಪಡೆಗೆ ಒಪ್ಪಿಸಿ ಇವರು ಮುಂದೆ ಹೊರಟರು. ವೀರಾವಾಹ್, ನಗರಪಾರಕರ್, ಇಸ್ಲಾಮಕೋಟ್. ಬಹಳ ಜನ ಸೆರೆ ಸಿಕ್ಕರು. ಗೆದ್ದು ಕೂರುವುದು ಈ ಪಡೆಯ ಕೆಲಸವೇ ಅಲ್ಲ. ಗಡಿಯಲ್ಲಿರುವ ಶತ್ರುವಿಗೆ ತನ್ನ ಬೆನ್ನ ಹಿಂದಿನ ಠಾಣೆಯೇ ಬಿದ್ದಿದೆ ಎಂದು ಗೊತ್ತಾದರೆ ಅವನು ಮುಂದೆ ನೋಡುತ್ತಾನೋ ಹಿಂದೆ ನೋಡುತ್ತಾನೋ? ಆ ಗಲಿಬಿಲಿ ಹುಟ್ಟಿಸುವುದೇ ಕೆಲಸ. 10 ಪ್ಯಾರಾಗೆ 'ಚಾಚ್ರೋ 1971' ಎಂಬ ಯುದ್ಧಗೌರವ ಸಿಕ್ಕಿತು. ಕೇಶ್ವಾಪುರದ ತಮ್ಮ ಕೇಳಿದ್ದಕ್ಕೆ ಇದೇ ಉತ್ತರ ಎಂದು ನನಗನ್ನಿಸುತ್ತದೆ. ಆ ಗೌರವ ಒಬ್ಬರದಲ್ಲ, ಜೀಪ್ ಓಡಿಸಿದವರದೂ ಹೌದು.

ಕೇಶ್ವಾಪುರ ಹುಡುಗ
ಅಷ್ಟೆಲ್ಲಾ ಗೆದ್ದು 1972ರ ಶಿಮ್ಲಾ ಒಪ್ಪಂದದಾಗ ಆ ನೆಲ ವಾಪಸ್ ಕೊಟ್ವಿ. ಅದಕ್ಕಿಂತ ಮೊದಲ ಕಾಶ್ಮೀರದ ಹಾಜಿ ಪೀರ್ ಘಾಟಿ. 1965ರ ಆಗಸ್ಟ್ 28ಕ್ಕ 1 ಪ್ಯಾರಾದ ಮೇಜರ್ ರಂಜಿತ್ ಸಿಂಗ್ ದಯಾಳ್ ರಾತ್ರಿಯೆಲ್ಲಾ ಗುಡ್ಡ ಹತ್ತಿ ಗೆದ್ರು, ತಾಷ್ಕೆಂಟ್ ಒಪ್ಪಂದದಾಗ ಅದನ್ನೂ ಕೊಟ್ವಿ. ಸಿಪಾಯಿ ರಕ್ತಕ್ಕ ಬೆಲೆ ಇಲ್ಲೇನ್ರಿ?

ಸಪ್ತಾಪುರ ಪಿ.ಜಿ.
ಇದರ ಬಗ್ಗೆ ನನಗೂ ಸಿಟ್ಟೈತಿ. ಅದರ ಜೋಡಿ ಇನ್ನೊಂದು ಮಾತು. ಚಾಚ್ರೋ, ನಗರಪಾರಕರ್ ಕಡೆ ಹಿಂದೂ ಕುಟುಂಬಗಳು ಭಾಳ ಇದ್ವು. ನಮ್ಮ ಸೈನ್ಯ ಇದ್ದಷ್ಟು ದಿನದಾಗ, ನೆಲ ವಾಪಸ್ ಹೋಗೂ ಸುದ್ದಿ ಕೇಳಿ, ಸಾವಿರಾರು ಮಂದಿ ಮನಿಮಠ ಬಿಟ್ಟು ರಾಜಸ್ಥಾನಕ್ಕ ಬಂದ್ರು. ಬಾಡಮೇರ್ ಕಡೆ ಅವರ ಮಕ್ಕಳು ಮೊಮ್ಮಕ್ಕಳು ಇವತ್ತಿಗೂ ಅದಾರ. ದಾಳಿಯ ಕತಿ ಹೇಳುವಾಗ ಇವರನ್ನ ಮರೀಬಾರದು.

ಮಾಜಿ ಸುಬೇದಾರ, ಕುಂದಗೋಳ
ನೆಲ ಕೊಡೂದು ಬಿಡೂದು ದಿಲ್ಲಿಯವರ ಕೆಲಸ. ಸಿಪಾಯಿಗೆ ಹೇಳಿದ್ದು ಗೆಲ್ಲು ಅಂತ. ಗೆದ್ದ.

ಹಾವೇರಿ ಏಲಕ್ಕಿ ಹಾರ
ಎಲ್ಲಾರೂ ರಾಜಸ್ಥಾನ, ಸಿಂಧ್ ಅನ್ನಾಕತ್ತೀರಿ. ನಮ್ಮ ಜಿಲ್ಲಾದಾಗ ಒಬ್ಬರಿದ್ರು, ಅವರ ಹತ್ರ ಪ್ಯಾರಾಶೂಟ್ ಇರಲಿಲ್ಲ, ಜೀಪ್ ಇರಲಿಲ್ಲ. ಮೋಟೆಬೆನ್ನೂರಿನ ಮೈಲಾರ ಮಹಾದೇವಪ್ಪ. 1930ರ ದಂಡಿ ಯಾತ್ರ್ಯಾಗ ಗಾಂಧೀಜಿ ಜೋಡಿ ನಡದ ಕರ್ನಾಟಕದ ಹುಡುಗ. 1942ರ ಮ್ಯಾಲ ಸಣ್ಣ ಸಣ್ಣ ತಂಡ ಕಟಗೊಂಡು ಸರಕಾರಿ ಕಚೇರಿ, ಟಪಾಲು, ಕಂದಾಯದ ಖಜಾನೆ ಮ್ಯಾಲ ದಾಳಿ ಮಾಡಿದ್ರು. 1943ರ ಏಪ್ರಿಲ್ 1ಕ್ಕ ಹೊಸರಿತ್ತಿಯೊಳಗ ಗುಂಡೇಟಿಗೆ ಬಿದ್ರು, ಜೋಡಿ ತಿರಕಪ್ಪ ಮಡಿವಾಳರ, ವೀರಯ್ಯ ಹಿರೇಮಠ ಅವರೂ ಹೋದ್ರು. ಮೂವತ್ತೆರಡೂ ತುಂಬಿರಲಿಲ್ಲ ಅವರಿಗೆ. ಹುಬ್ಬಳ್ಳಿ ಕಾಲೇಜಿನಾಗ ಇವರ ಬಗ್ಗೆ ಎಷ್ಟು ಮಂದಿ ಮಾತಾಡ್ತಾರ?

ಗದಗಿನ ಮಾಸ್ತರ್
ಏಲಕ್ಕಿ ಹಾರದವರೇ, ನಿಮ್ಮ ಮಾತಿಗೆ ಕೈ ಮುಗಿಯುತ್ತೇನೆ. ಆದರೆ ಇಬ್ಬರನ್ನು ಒಂದೇ ಸಾಲಿನಲ್ಲಿ ನಿಲ್ಲಿಸಬೇಡಿ. ಒಬ್ಬರು ಸರ್ಕಾರದ ಆಜ್ಞೆ ಹೊತ್ತು ಹೋದವರು, ಇನ್ನೊಬ್ಬರು ಸರ್ಕಾರದ ವಿರುದ್ಧವೇ ಎದ್ದವರು. ಮೈಲಾರ ಮಹಾದೇವಪ್ಪನವರಿಗೆ ಬೇರೆ ಚರ್ಚೆಯೇ ಬೇಕು, ನೀವು ಶುರು ಮಾಡಿ, ನಾನು ಬರುತ್ತೇನೆ.

ಹಾವೇರಿ ಏಲಕ್ಕಿ ಹಾರ
ಮಾಡ್ತೀನ್ರಿ ಮಾಸ್ತರ್ರ, ಬರ್ರಿ. ಸಂಗೊಳ್ಳಿ ರಾಯಣ್ಣನನ್ನೂ ಸೇರಸ್ತೀನಿ. ರಾತ್ರಿ ದಾಳಿ, ಕಾಡಿನಾಗ ಅಡಗೂದು, ತಾಲೂಕು ಕಚೇರಿ ಸುಡೂದು, ಇದನ್ನ ನಮ್ಮ ನೆಲದಾಗ 1830ರಾಗೇ ಮಾಡಿ ತೋರಿಸಿದವರು ಅದಾರ.

ಸಪ್ತಾಪುರ ಪಿ.ಜಿ.
ಭವಾನಿ ಸಿಂಗ್ ಅವರ ಆಮೇಲಿನ ಜೀವನಾನೂ ಹೇಳಬೇಕಲ್ರಿ. 1975ರಾಗ ತುರ್ತುಪರಿಸ್ಥಿತಿ ಬಂದಾಗ ಅವರನ್ನ ತಿಹಾರ್ ಜೈಲಿಗೆ ಹಾಕಿದ್ರು, ಮಲತಾಯಿ ಗಾಯತ್ರಿ ದೇವಿಯವರನ್ನೂ. ನಾಕು ವರ್ಷದ ಹಿಂದ ಮಹಾವೀರ ಚಕ್ರ ಕೊಟ್ಟ ಸರಕಾರಾನೇ ಹಾಕಿದ್ದು. ಓದಿದಾಗ ನನಗ ಭಾಳ ಹೊತ್ತು ಏನೂ ತೋಚಲಿಲ್ಲ. ಗಾದಿ ಅವರನ್ನ ಕಾದಿತ್ತು ಅನ್ನೂ ನವಲೂರ ಪೇರಲದವರು ಇದಕ್ಕ ಏನಂತಾರ?

ನವಲೂರ ಪೇರಲ
ಕಾದಿತ್ತು ಅಂತ ನಾ ಅಂದಿಲ್ಲ. ಹೆಸರು ಉಳೀಯಾಕ ಗಾದಿ ಅನುಕೂಲ ಆತು ಅಂದೆ, ಈಗೂ ಅದನ್ನೇ ಅಂತೀನಿ. ಅವರು ಮಾಡಿದ ಕೆಲಸ ದೊಡ್ಡದು, ಡ್ರೈವರ್ ಕಾಕಾ ಬರದಿದ್ದು ಓದಿದ ಮ್ಯಾಲ ಇನ್ನೂ ದೊಡ್ಡದು ಅನಸ್ತು. ಎರಡೂ ಮಾತು ಜೋಡಿ ಇರಬಹುದಲ್ರಿ.

ಉಣಕಲ್ ಅಕ್ಕ
ಎಲ್ಲಾರಿಗೂ ಶರಣ್ರಿ. ಮಗಳು ಪಕ್ಕಕ್ಕ ಕುಂತು ಬರಕೊಳ್ಳಾಕತ್ತಾಳ. ಅಕಿ ಪ್ರಶ್ನೆ: ಸೈನ್ಯ ಬಿಟ್ಟ ಮ್ಯಾಲ ಅವರು ಶ್ರೀಲಂಕಾಕ್ಕ ಹೋಗಿದ್ರು ಅಂತ ಓದ್ಯಾಳ, ಅದು ಹೆಂಗ? ಬ್ರಿಗೇಡಿಯರ್ ಅನ್ನಬೇಕೋ, ಕರ್ನಲ್ ಅನ್ನಬೇಕೋ?

ಗದಗಿನ ಮಾಸ್ತರ್
ಅವರು 1970ರ ದಶಕದಲ್ಲೇ ತಾವಾಗಿ ನಿವೃತ್ತಿ ಪಡೆದರು. 1987ರಲ್ಲಿ ಭಾರತದ ಶಾಂತಿಪಾಲನಾ ಪಡೆ ಶ್ರೀಲಂಕಾಕ್ಕೆ ಹೋಯಿತು. ಅಕ್ಟೋಬರ್‌ನಲ್ಲಿ ಜಾಫ್ನಾ ವಿಶ್ವವಿದ್ಯಾಲಯದ ಮೇಲೆ ಹೆಲಿಕಾಪ್ಟರಿನಿಂದ ಇಳಿದವರು 10 ಪ್ಯಾರಾ ಕಮಾಂಡೋಗಳು ಮತ್ತು 13 ಸಿಖ್ ಲೈಟ್ ಇನ್‌ಫೆಂಟ್ರಿಯ ಒಂದು ತುಕಡಿ. ತಮಿಳು ಬಂಡುಕೋರರ ಎಲ್‌ಟಿಟಿಇ ಸಂಘಟನೆ ಕಾದು ಕುಳಿತಿತ್ತು. ಸಿಖ್ ತುಕಡಿಯಲ್ಲಿ ಬದುಕಿದ್ದು ಒಬ್ಬರೇ. ಕಮಾಂಡೋಗಳಲ್ಲೂ ಕೆಲವರು ತೀರಿಕೊಂಡರು. ಪ್ರಧಾನಿ ರಾಜೀವ್ ಗಾಂಧಿ ಕೇಳಿಕೊಂಡ ಮೇಲೆ ಭವಾನಿ ಸಿಂಗ್ ತಮ್ಮ ಹಳೇ ಪಲ್ಟನ್ನಿನ ಹುಡುಗರನ್ನು ಕಾಣಲು ಅಲ್ಲಿಗೆ ಹೋದರು. ಗೌರವ ಬ್ರಿಗೇಡಿಯರ್ ಹುದ್ದೆ ಬಂದದ್ದು ಆ ಸಂದರ್ಭದಲ್ಲಿ. ಹಾಗಾಗಿ 1971ರ ಬಗ್ಗೆ ಹೇಳುವಾಗ ಲೆಫ್ಟಿನೆಂಟ್ ಕರ್ನಲ್, ಒಟ್ಟು ಜೀವನ ಹೇಳುವಾಗ ಬ್ರಿಗೇಡಿಯರ್. ಮುಂದೆ ಬ್ರೂನೈನಲ್ಲಿ ಭಾರತದ ಹೈ ಕಮಿಷನರ್ ಆಗಿದ್ದರು. 1989ರಲ್ಲಿ ಜೈಪುರದಿಂದ ಲೋಕಸಭೆಗೆ ನಿಂತು ಸೋತರು. 2011ರ ಏಪ್ರಿಲ್‌ನಲ್ಲಿ ತೀರಿಕೊಂಡರು.

ಕೇಶ್ವಾಪುರ ಹುಡುಗ
ತಮ್ಮ ಊರಾಗೇ ಚುನಾವಣೆ ಸೋತ್ರಾ? ಗಾದಿ ಹೆಸರು ಓಟು ತರಲಿಲ್ಲ ಅಂದಂಗಾತು. ನನ್ನ ವಾದಕ್ಕ ಇದು ಸ್ವಲ್ಪ ಪೆಟ್ಟು ಕೊಟ್ಟೈತಿ, ಆದ್ರ ಮೇಘ ಸಿಂಗ್ ಅವರ ಹೆಸರು ಭಾಷಣದಾಗ ಬರಲೇಬೇಕು, ಅದನ್ನ ಮಾತ್ರ ಬಿಡಾಂಗಿಲ್ಲ.

ಉಣಕಲ್ ಅಕ್ಕ
ಬರತೈತಿ ತಮ್ಮಾ. ಮೊದಲನೇ ಸಾಲಿನಾಗೇ ಬರದಾಳ. ಡ್ರೈವರ್ ಅಣ್ಣಾರ, ಟೈರು, ದಿಕ್ಸೂಚಿ ಮಾತು ನಿಮ್ಮ ಒಪ್ಪಿಗಿ ಇದ್ರ ಹೇಳ್ತಾಳಂತ.

ರಾಣೇಬೆನ್ನೂರ ಡ್ರೈವರ್
ಹೇಳಲಿ ತಂಗಿ, ಧಾರಾಳ ಹೇಳಲಿ. ಕಾಲೇಜಿನ ಹುಡುಗರಿಗೆ ಗೊತ್ತಾಗಲಿ.

ಸವಣೂರು ಓಟಗಾರ
ಸುಬೇದಾರ್ ಸರ್, ವಿಷಯ ಬ್ಯಾರೆ ಆದ್ರೂ ಕೇಳ್ತೀನಿ. ನಾ ಅಗ್ನಿವೀರ್ ಭರ್ತಿಗೆ ತಯಾರಿ ನಡಸೀನಿ. ಸಿಪಾಯಿ ಆಗಿ ಸೇರಿದವ ವಿಶೇಷ ಪಡಿಗೆ ಹೋಗಬಹುದಾ, ಇಲ್ಲಾ ಆಫೀಸರ್ ಆಗಿರಲೇಬೇಕಾ?

ಮಾಜಿ ಸುಬೇದಾರ, ಕುಂದಗೋಳ
ಹೋಗಬಹುದು ತಮ್ಮಾ. ಆ ಪಡ್ಯಾಗ ಹೆಚ್ಚಿನವರು ಜವಾನರೇ. ಪ್ಯಾರಾಶೂಟ್ ರೆಜಿಮೆಂಟಿನ ತರಬೇತಿ ಕೇಂದ್ರ ಬೆಂಗಳೂರಿನಾಗೇ ಐತಿ. ಬ್ಯಾರೆ ರೆಜಿಮೆಂಟಿನಾಗ ಇದ್ದವರೂ ತಾವಾಗಿ ಹೆಸರು ಕೊಡಬಹುದು. ಯಾರೂ ಒತ್ತಾಯ ಮಾಡಾಂಗಿಲ್ಲ, ನಿನ್ನ ಮನಸ್ಸಿನಿಂದನೇ ಹೋಗಬೇಕು. ಪ್ಯಾರಾಶೂಟ್ ಜಿಗಿಯೂದನ್ನ ಆಗ್ರಾದಾಗ ಕಲಸ್ತಾರ.

ಮೊದಲ ಭರ್ತಿ ಪಾಸಾಗು. ಓಟ ಡಾಂಬರ್ ರಸ್ತಾ ಮ್ಯಾಲ ಮಾಡಬ್ಯಾಡ, ಮೊಣಕಾಲು ಹಾಳಾಗ್ತಾವ, ಮಣ್ಣಿನ ದಾರಿ ಹುಡುಕು. ಈಜು ಬರತೈತೇನು? ಬರಾಂಗಿಲ್ಲಂದ್ರ ಈ ಬ್ಯಾಸಿಗ್ಯಾಗ ಬಾವಿಗೆ ಇಳಿ, ಗೊತ್ತಿದ್ದವರನ್ನ ಜೋಡಿ ಕರಕೊಂಡು.

ಸವಣೂರು ಓಟಗಾರ
ಬರತೈತ್ರಿ ಸರ್, ವರದಾ ಹೊಳ್ಯಾಗ ಕಲತೀನಿ.

ಮಾಜಿ ಸುಬೇದಾರ, ಕುಂದಗೋಳ
ಹಂಗಾದ್ರ ನಿನ್ನ ವಯಸ್ಸು, ಎತ್ತರ, 1.6 ಕಿ.ಮೀ. ಓಟದ ಟೈಮ್ ಮೂರೂ ನನಗ ಮೆಸೇಜ್ ಹಾಕು. ಬಾಕಿ ನಾ ಹೇಳ್ತೀನಿ.